ಗ್ಲುಟನ್ ಬಿಡುವ ಮುಂಚೆ ಒಂದು ರಕ್ತಪರೀಕ್ಷೆ

"ಗೋಧಿ ಬಿಟ್ಟೆ, ಸ್ವಲ್ಪ ದಿನಕ್ಕೇ ಹೊಟ್ಟೆ ಉಬ್ಬರ ಹೋಯ್ತು. ತೂಕ ಇಳಿಯಿತು, ಮೈ ಹಗುರಾಯಿತು." ಈ ಥರದ ಮಾತು ಈಗ ಎಲ್ಲೆಲ್ಲೂ ಕೇಳಿಬರುತ್ತದೆ. ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ನಿಜವಾಗಿಯೂ ಹಾಯೆನಿಸಿದೆ. ಆದರೆ ಅದು ಗೋಧಿಯಲ್ಲಿರುವ ಗ್ಲುಟನ್ ಎಂಬ ಪ್ರೋಟೀನ್ ಬಿಟ್ಟಿದ್ದರಿಂದಲೇ ಆಯಿತು ಅಂತ ಗೊತ್ತಾಗಿದ್ದು ಹೇಗೆ? ಗೋಧಿ ಬಿಟ್ಟಾಗ ಅದರ ಜೊತೆಗೇ ಬಿಸ್ಕತ್ತು, ಕೇಕು, ಪಿಜ್ಜಾ, ಕರಿದ ತಿಂಡಿ, ಬಿಯರ್ ಎಲ್ಲವೂ ತಟ್ಟೆಯಿಂದ ಜಾಗ ಖಾಲಿ ಮಾಡಿರುತ್ತವೆ, ಅಲ್ವಾ? ಒಂದು ಬಿಟ್ಟೆ ಅಂದುಕೊಂಡಾಗ ಹತ್ತು ಬಿಟ್ಟಿರುತ್ತೇವೆ. ಗುಣವಾದ ಕೀರ್ತಿ ಮಾತ್ರ ಒಂದಕ್ಕೇ ಹೋಗುತ್ತದೆ.

ವೈದ್ಯಲೋಕವೂ ಇದೇ ವಿಷಯದಲ್ಲಿ ಒಮ್ಮೆ ದಾರಿ ತಪ್ಪಿತ್ತು. 1924ರಲ್ಲಿ ನ್ಯೂಯಾರ್ಕಿನ ಮಕ್ಕಳ ವೈದ್ಯ ಸಿಡ್ನಿ ಹಾಸ್ ಅವರು ಸೀಲಿಯಾಕ್ ಎಂಬ ಕರುಳಿನ ಕಾಯಿಲೆಗೆ ಬಾಳೆಹಣ್ಣಿನ ಪಥ್ಯವನ್ನು ಪ್ರಕಟಿಸಿದರು. ಆಗಿನ ಕಾಲಕ್ಕೆ ಅದು ಮಕ್ಕಳ ಜೀವ ತೆಗೆಯುವ ಕಾಯಿಲೆ. ಹೊಟ್ಟೆ ಉಬ್ಬಿ, ಕೈಕಾಲು ಸೊರಗಿ, ತಿಂದದ್ದು ಮೈಗೆ ಹತ್ತದೆ ಮಕ್ಕಳು ಕರಗಿಹೋಗುತ್ತಿದ್ದರು. ಹಾಸ್ ಅವರ ಪಥ್ಯದಲ್ಲಿ ಬಾಳೆಹಣ್ಣು ಬೇಕಾದಷ್ಟು. ಬ್ರೆಡ್, ಧಾನ್ಯ, ಆಲೂಗಡ್ಡೆ ಪೂರ್ತಿ ನಿಷೇಧ. ಮಕ್ಕಳು ಚೇತರಿಸಿಕೊಂಡರು. ಎಷ್ಟೋ ಜೀವ ಉಳಿಯಿತು. ಎಲ್ಲರೂ ಬಾಳೆಹಣ್ಣಿಗೆ ಕೈಮುಗಿದರು. ದಶಕಗಳ ಕಾಲ ಅದೇ ಚಿಕಿತ್ಸೆಯಾಗಿ ಉಳಿಯಿತು.

ಬಾಳೆಹಣ್ಣಿಗೂ ಗುಣವಾದದ್ದಕ್ಕೂ ಸಂಬಂಧವೇ ಇರಲಿಲ್ಲ. ಮಕ್ಕಳನ್ನು ಉಳಿಸಿದ್ದು ತಟ್ಟೆಗೆ ಬಾರದ ಬ್ರೆಡ್. ಇದು ಗೊತ್ತಿಲ್ಲದೆ, ಚೆನ್ನಾಗಾದ ಮಗುವಿಗೆ ಮತ್ತೆ ಗೋಧಿ ಕೊಟ್ಟರೆ ಒಳಗೆ ಕರುಳು ಮತ್ತೆ ಹಾಳಾಗುತ್ತಿತ್ತು. ಫಲಿತಾಂಶ ಸರಿಯಿತ್ತು, ಕಾರಣ ತಪ್ಪಾಗಿತ್ತು. ಕಾರಣ ತಪ್ಪಾದರೆ ಚಿಕಿತ್ಸೆ ಅರ್ಧಕ್ಕೆ ಕೈಕೊಡುತ್ತದೆ.

ನಿಜವಾದ ಕಾರಣ ಹಿಡಿದವರು ನೆದರ್‌ಲೆಂಡ್ಸ್‌ನ ಮಕ್ಕಳ ವೈದ್ಯ ವಿಲೆಮ್ ಡಿಕೆ. 1930ರ ದಶಕದಲ್ಲೇ ಅವರಿಗೆ ಗೋಧಿಯ ಮೇಲೆ ಅನುಮಾನವಿತ್ತು. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲ, 1944–45ರಲ್ಲಿ, ಅಲ್ಲಿ ಭೀಕರ ಬರಗಾಲ ಬಂತು. ಬ್ರೆಡ್ ಸಿಗದಾಯಿತು. ಊರಿಗೆ ಊರೇ ಹಸಿವಿನಿಂದ ನರಳುತ್ತಿದ್ದಾಗ ಸೀಲಿಯಾಕ್ ಇದ್ದ ಮಕ್ಕಳು ಮೊದಲಿಗಿಂತ ಚೆನ್ನಾಗಿದ್ದರು. ಬ್ರೆಡ್ ವಾಪಸ್ ಬಂದ ಮೇಲೆ ಅವರ ಕಾಯಿಲೆಯೂ ವಾಪಸ್ ಬಂತು. ಡಿಕೆ ಅಲ್ಲಿಗೇ ನಿಲ್ಲಿಸಲಿಲ್ಲ. ಯುದ್ಧ ಮುಗಿದ ಮೇಲೆ ಒಂದೊಂದೇ ಧಾನ್ಯ ಕೊಟ್ಟು, ಒಂದೊಂದೇ ತೆಗೆದು, ಮಕ್ಕಳ ಮಲದಲ್ಲಿ ಎಷ್ಟು ಕೊಬ್ಬು ಜೀರ್ಣವಾಗದೆ ಹೋಗುತ್ತಿದೆ ಅಂತ ಸಹೋದ್ಯೋಗಿಗಳ ಜೊತೆ ಅಳೆದು ನೋಡಿದರು. 1950ರ ಹೊತ್ತಿಗೆ ಗೋಧಿ ಮತ್ತು ರೈ ಎಂಬ ಇನ್ನೊಂದು ಧಾನ್ಯ ಅಪರಾಧಿಗಳು ಅಂತ ಸಾಬೀತಾಯಿತು. ಅದರಲ್ಲೂ ತೊಂದರೆ ಕೊಡುವುದು ಪಿಷ್ಟ ಅಲ್ಲ, ಪ್ರೋಟೀನ್ ಭಾಗ ಅಂತ ಸ್ವಲ್ಪದರಲ್ಲೇ ಗೊತ್ತಾಯಿತು.

ಒಂದನ್ನೇ ಬದಲಿಸಿ, ಉಳಿದದ್ದೆಲ್ಲ ಹಾಗೇ ಇಟ್ಟು, ಅಳೆದು ನೋಡುವುದು. ಗ್ಲುಟನ್ ಬಗ್ಗೆ ಇವತ್ತು ಓಡಾಡುವ ಮಾತುಗಳಲ್ಲಿ ಯಾವುದು ನಿಜ, ಯಾವುದು ಉತ್ಪ್ರೇಕ್ಷೆ ಅಂತ ತಿಳಿಯಲು ನಮಗಿರುವ ದಾರಿಯೂ ಅದೇ.

ಗ್ಲುಟನ್ ಅಂದರೆ ಏನು, ಯಾರಿಗೆ ತೊಂದರೆ

ಗೋಧಿ ಹಿಟ್ಟು ಕಲಸಿ ಚೆನ್ನಾಗಿ ನಾದಿ. ಆ ಉಂಡೆಯನ್ನು ನಲ್ಲಿಯ ಕೆಳಗೆ ಹಿಡಿದು ಹಿಸುಕುತ್ತಾ ಹೋಗಿ. ಬಿಳೀ ನೀರಿನ ಜೊತೆ ಪಿಷ್ಟ ಹರಿದುಹೋಗುತ್ತದೆ. ಕೊನೆಗೆ ಕೈಯಲ್ಲಿ ಉಳಿಯುವುದು ಎಳೆದರೆ ಹಿಗ್ಗುವ, ಬಿಟ್ಟರೆ ಕುಗ್ಗುವ ಬೂದು ಬಣ್ಣದ ಜಿಗುಟು ಮುದ್ದೆ. ಅದೇ ಗ್ಲುಟನ್. ಹಿಟ್ಟನ್ನು ಹೀಗೆ ತೊಳೆದು ಬೇರೆ ಮಾಡುವ ಕ್ರಮವನ್ನು ಇಟಲಿಯ ಬೆಕ್ಕಾರಿ ಎಂಬ ವಿಜ್ಞಾನಿ 1745ರಲ್ಲೇ ಬರೆದಿಟ್ಟಿದ್ದಾರೆ. ಇದರಲ್ಲಿ ಮುಖ್ಯವಾಗಿ ಗ್ಲಯಾಡಿನ್, ಗ್ಲುಟೆನಿನ್ ಎಂಬ ಎರಡು ಗುಂಪಿನ ಪ್ರೋಟೀನುಗಳಿವೆ. ಬ್ರೆಡ್ ಉಬ್ಬಿ ನಿಲ್ಲುವುದು ಇವುಗಳಿಂದಲೇ. ಬಾರ್ಲಿಯಲ್ಲಿ, ರೈಯಲ್ಲಿ ಇವುಗಳ ಹತ್ತಿರದ ಬಂಧುಗಳಿವೆ. ಅಕ್ಕಿ, ಜೋಳ, ಆಲೂಗಡ್ಡೆ, ಬೇಳೆಕಾಳು, ಸಿರಿಧಾನ್ಯಗಳಲ್ಲಿ ಈ ತೊಂದರೆ ಕೊಡುವ ಪ್ರೋಟೀನ್ ಇಲ್ಲ.

"ಗ್ಲುಟನ್ ಪೂರ್ತಿ ಜೀರ್ಣವಾಗುವುದಿಲ್ಲ, ಆದ್ದರಿಂದ ಅದು ಎಲ್ಲರಿಗೂ ವಿಷ" ಅನ್ನುವ ವಾದವನ್ನು ನೀವು ಕೇಳಿರಬಹುದು. ಈ ಮಾತಿನ ಮೊದಲರ್ಧ ನಿಜ. ಗ್ಲುಟನ್‌ನಲ್ಲಿ ಪ್ರೋಲಿನ್, ಗ್ಲುಟಮಿನ್ ಎಂಬ ಅಮೈನೋ ಆಮ್ಲಗಳು ಜಾಸ್ತಿ. ನಮ್ಮ ಕಿಣ್ವಗಳಿಗೆ ಅವನ್ನು ಪೂರ್ತಿ ಕತ್ತರಿಸಲು ಆಗುವುದಿಲ್ಲ. 33 ಅಮೈನೋ ಆಮ್ಲಗಳಷ್ಟು ಉದ್ದದ ಒಂದು ತುಂಡು ಹಾಗೇ ಉಳಿಯುತ್ತದೆ ಅಂತ 2002ರಲ್ಲಿ ವಿಜ್ಞಾನಿಗಳು ತೋರಿಸಿದರು. ಆದರೆ ಉಳಿದರೆ ಏನಾಯಿತು? ತರಕಾರಿಯ ನಾರೂ ಜೀರ್ಣವಾಗುವುದಿಲ್ಲ. ಹೆಚ್ಚಿನವರ ಹೊಟ್ಟೆಯಲ್ಲಿ ಆ ಗ್ಲುಟನ್ ತುಂಡು ತನ್ನ ಪಾಡಿಗೆ ತಾನು ಮುಂದೆ ಹೋಗುತ್ತದೆ.

ಸೀಲಿಯಾಕ್ ಇರುವವರಲ್ಲಿ ಕಥೆಯೇ ಬೇರೆ. ಸಣ್ಣ ಕರುಳಿನ ಒಳಮೈ ನುಣುಪಾಗಿರುವುದಿಲ್ಲ. ಟವೆಲಿನ ಮೇಲಿನ ದಾರದ ಎಳೆಗಳ ಹಾಗೆ ಅಲ್ಲಿ ಲಕ್ಷಾಂತರ ಪುಟ್ಟ ಪುಟ್ಟ ಚಾಚುಗಳಿರುತ್ತವೆ. ವಿಲ್ಲೈ ಅಂತ ಅವುಗಳ ಹೆಸರು. ತಿಂದದ್ದರ ಸಾರವನ್ನೆಲ್ಲ ಹೀರಿಕೊಳ್ಳುವುದು ಅವೇ. ಸೀಲಿಯಾಕ್ ಇರುವವರ ಕರುಳಿನ ಗೋಡೆಯನ್ನು ಗ್ಲುಟನ್ ತುಂಡು ದಾಟಿದಾಗ, ಟ್ರಾನ್ಸ್‌ಗ್ಲುಟಮಿನೇಸ್ ಎಂಬ ಕಿಣ್ವ ಅದರ ರೂಪವನ್ನು ಸ್ವಲ್ಪ ಬದಲಿಸುತ್ತದೆ. ರೋಗನಿರೋಧಕ ವ್ಯವಸ್ಥೆ ಅದನ್ನು ಶತ್ರು ಅಂದುಕೊಂಡು ಮೇಲೆ ಬೀಳುತ್ತದೆ. ಅಷ್ಟಕ್ಕೇ ನಿಲ್ಲದೆ ಆ ಕಿಣ್ವದ ಮೇಲೂ, ಕರುಳಿನ ಮೇಲೂ ದಾಳಿ ಮಾಡುತ್ತದೆ. ವಿಲ್ಲೈ ಸವೆದು ಚಪ್ಪಟೆಯಾಗುತ್ತವೆ. ಆಮೇಲೆ ಎಷ್ಟು ಒಳ್ಳೆಯ ಊಟ ಮಾಡಿದರೂ ಕಬ್ಬಿಣಾಂಶ, ಕ್ಯಾಲ್ಸಿಯಂ, ವಿಟಮಿನ್ ಮೈಗೆ ಸೇರುವುದಿಲ್ಲ.

ಜಗತ್ತಿನಲ್ಲಿ ಸುಮಾರು 100 ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಇದೆ. ಇದಕ್ಕೆ ಎಚ್‌ಎಲ್‌ಎ ಡಿಕ್ಯು2 ಅಥವಾ ಡಿಕ್ಯು8 ಎಂಬ ಜೀನ್ ಹೆಚ್ಚುಕಮ್ಮಿ ಇರಲೇಬೇಕು. ಆದರೆ ಹಲವು ದೇಶಗಳಲ್ಲಿ 30ರಿಂದ 40 ಶೇಕಡಾ ಜನರಲ್ಲಿ ಈ ಜೀನ್ ಇದೆ. ಅವರಲ್ಲಿ ಕಾಯಿಲೆ ಬರುವುದು ಕೆಲವೇ ಕೆಲವರಿಗೆ. ಅಪ್ಪ, ಅಮ್ಮ, ಅಣ್ಣ ತಮ್ಮಂದಿರು, ಅಕ್ಕ ತಂಗಿಯರು, ಮಕ್ಕಳು, ಇವರಲ್ಲಿ ಯಾರಿಗಾದರೂ ಸೀಲಿಯಾಕ್ ಇದ್ದರೆ ಉಳಿದವರಿಗೆ ಬರುವ ಸಾಧ್ಯತೆ ಹತ್ತರಲ್ಲಿ ಒಂದರ ಹತ್ತಿರ ಇರುತ್ತದೆ. ಟೈಪ್ 1 ಮಧುಮೇಹ, ಥೈರಾಯ್ಡ್‌ನ ಆಟೋಇಮ್ಯೂನ್ ಕಾಯಿಲೆ, ಡೌನ್ ಸಿಂಡ್ರೋಮ್ ಇರುವವರಲ್ಲೂ ಇದು ಹೆಚ್ಚು ಕಾಣುತ್ತದೆ.

ನನಗೆ ತುಂಬ ಕಳವಳ ತರುವ ವಿಷಯ ಒಂದಿದೆ. ಸೀಲಿಯಾಕ್ ಅಂದರೆ ಭೇದಿ, ಹೊಟ್ಟೆನೋವು ಅಂತಲೇ ಜನ ಅಂದುಕೊಂಡಿದ್ದಾರೆ. ಎಷ್ಟೋ ಜನರಿಗೆ ಹೊಟ್ಟೆಯ ತೊಂದರೆಯೇ ಇರುವುದಿಲ್ಲ. ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದರೂ ಏರದ ರಕ್ತ, ಚಿಕ್ಕ ವಯಸ್ಸಿನಲ್ಲೇ ಸವೆದ ಮೂಳೆ, ಮತ್ತೆ ಮತ್ತೆ ಬರುವ ಬಾಯಿ ಹುಣ್ಣು, ಬೆಳವಣಿಗೆ ನಿಂತ ಮಗು, ಸದಾ ಸುಸ್ತು, ನಿಲ್ಲದ ಗರ್ಭ, ಮೊಣಕೈ ಮೊಣಕಾಲಿನ ಮೇಲೆ ವಿಪರೀತ ತುರಿಸುವ ಗುಳ್ಳೆಗಳು. ಇವುಗಳ ಹಿಂದೆಯೂ ಸೀಲಿಯಾಕ್ ಇರಬಹುದು. ಇಂಥವರಿಗೆ ಗ್ಲುಟನ್ ಇಲ್ಲದ ಊಟವೇ ಔಷಧ. ಬೇರೆ ಮದ್ದು ಇಲ್ಲ. ಅದೂ ಜೀವನ ಪೂರ್ತಿ, ಕಟ್ಟುನಿಟ್ಟಾಗಿ. ದಿನಕ್ಕೆ 50 ಮಿಲಿಗ್ರಾಂ ಗ್ಲುಟನ್ ಮೂರು ತಿಂಗಳು ಹೊಟ್ಟೆಗೆ ಹೋದರೂ ಕರುಳಿಗೆ ಏಟು ಬೀಳುತ್ತದೆ ಅಂತ 2007ರ ಒಂದು ಪ್ರಯೋಗ ತೋರಿಸಿತು. ಒಂದು ಸ್ಲೈಸ್ ಬ್ರೆಡ್‌ನಲ್ಲಿ ಸುಮಾರು 2 ಗ್ರಾಂ ಗ್ಲುಟನ್ ಇರುತ್ತದೆ. ಅಂದರೆ ಆ ಸ್ಲೈಸ್‌ನ 40ರಲ್ಲಿ ಒಂದು ಪಾಲು ಸಾಕು. ಬರೀ ಪುಡಿ ಅದು. ಒಂದೇ ಟೋಸ್ಟರ್, ಒಂದೇ ಕರಿಯುವ ಎಣ್ಣೆ, ಸೋಯಾ ಸಾಸ್‌ನ ಒಳಗೆ ಸೇರಿದ ಗೋಧಿ, ಇವೆಲ್ಲ ಅವರಿಗೆ ದಿನದಿನದ ಆತಂಕ.

ಇನ್ನೊಂದು ಬಗೆ ಗೋಧಿಯ ಅಲರ್ಜಿ. ಇದು ಸೀಲಿಯಾಕ್ ಅಲ್ಲ. ತಿಂದ ಸ್ವಲ್ಪ ಹೊತ್ತಿಗೇ ಮೈಮೇಲೆ ದದ್ದು, ತುಟಿ ಊತ, ಉಸಿರಾಟದ ತೊಂದರೆ ಬರಬಹುದು, ಜೀವಕ್ಕೂ ಅಪಾಯವಾಗಬಹುದು. ಕೆಲವರಿಗೆ ಗೋಧಿ ತಿಂದು ವ್ಯಾಯಾಮ ಮಾಡಿದಾಗ ಮಾತ್ರ ಬರುತ್ತದೆ. ಮಕ್ಕಳಲ್ಲಿ ಬಹಳಷ್ಟು ಸಲ ಬೆಳೆಯುತ್ತಾ ಹೋಗಿಬಿಡುತ್ತದೆ. ಇದನ್ನು ಅಲರ್ಜಿ ತಜ್ಞರೇ ನೋಡಬೇಕು.

ಎರಡೂ ಇಲ್ಲ, ಆದರೂ ಗೋಧಿ ಆಗಿಬರುವುದಿಲ್ಲ

ಈಗ ನಿಜವಾಗಿಯೂ ಜಟಿಲವಾದ ಜಾಗಕ್ಕೆ ಬಂದೆವು. ಸೀಲಿಯಾಕ್ ಪರೀಕ್ಷೆ ನೆಗೆಟಿವ್, ಅಲರ್ಜಿಯೂ ಇಲ್ಲ. ಆದರೂ ಗೋಧಿ ತಿಂದರೆ ಹೊಟ್ಟೆ ಉಬ್ಬುತ್ತದೆ, ತಲೆ ಭಾರವಾಗುತ್ತದೆ, ಸುಸ್ತಾಗುತ್ತದೆ. ಇಂಥ ಜನ ಬಹಳ ಇದ್ದಾರೆ. ವೈದ್ಯರು ಇದಕ್ಕೆ ಸೀಲಿಯಾಕ್ ಅಲ್ಲದ ಗ್ಲುಟನ್ ಸೂಕ್ಷ್ಮತೆ ಅಂತ ಹೆಸರಿಟ್ಟಿದ್ದಾರೆ. ಇದನ್ನು ಪತ್ತೆ ಮಾಡುವ ರಕ್ತಪರೀಕ್ಷೆ ಯಾವುದೂ ಇಲ್ಲ.

ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಇಂಥ 34 ಜನರ ಮೇಲೆ ಪ್ರಯೋಗ ಮಾಡಿದರು. ಕೆಲವರಿಗೆ ಗ್ಲುಟನ್ ಇರುವ ಬ್ರೆಡ್ ಮತ್ತು ಮಫಿನ್, ಕೆಲವರಿಗೆ ಇಲ್ಲದ್ದು. ಯಾವುದು ಯಾರಿಗೆ ಅಂತ ತಿನ್ನುವವರಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. ಗ್ಲುಟನ್ ತಿಂದವರಿಗೆ ತೊಂದರೆ ಜಾಸ್ತಿಯಾಯಿತು. ಗ್ಲುಟನ್ ಬಿಡುವ ಅಲೆಗೆ ಈ ಅಧ್ಯಯನ ದೊಡ್ಡ ಬಲ ಕೊಟ್ಟಿತು.

ಆದರೆ ಅದೇ ಸಂಶೋಧಕರಿಗೆ ಸಮಾಧಾನವಾಗಲಿಲ್ಲ. ಇದು ನನಗೆ ಬಹಳ ಇಷ್ಟವಾದ ವಿಷಯ. ತಮ್ಮದೇ ಫಲಿತಾಂಶವನ್ನು ತಾವೇ ಮತ್ತೆ ಪ್ರಶ್ನಿಸಿದರು. 2013ರಲ್ಲಿ 37 ಜನರನ್ನು ಕರೆದು, ಈ ಸಲ ಮೊದಲು ಎಲ್ಲರಿಗೂ ಫಾಡ್‌ಮ್ಯಾಪ್ ಕಡಿಮೆ ಇರುವ ಊಟ ಕೊಟ್ಟರು. ಫಾಡ್‌ಮ್ಯಾಪ್ ಅಂದರೆ ಸಣ್ಣ ಕರುಳಿನಲ್ಲಿ ಸರಿಯಾಗಿ ಹೀರಿಕೆಯಾಗದ ಕೆಲವು ಸಕ್ಕರೆ, ಪಿಷ್ಟದ ಜಾತಿಯ ಪದಾರ್ಥಗಳು. ದೊಡ್ಡ ಕರುಳಿಗೆ ಹೋದಾಗ ಬ್ಯಾಕ್ಟೀರಿಯಾ ಅವನ್ನು ಹುದುಗಿಸಿ ಗ್ಯಾಸ್ ಮಾಡುತ್ತವೆ. ಆ ಊಟಕ್ಕೇ ಎಲ್ಲರ ತೊಂದರೆಯೂ ಇಳಿಯಿತು. ಆಮೇಲೆ ಗ್ಲುಟನ್ ಕೊಟ್ಟಾಗ, ಕೊಡದೇ ಇದ್ದಾಗ, ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಗ್ಲುಟನ್‌ಗೇ ಪ್ರತಿಕ್ರಿಯೆ ತೋರಿದವರು ಬೆರಳೆಣಿಕೆಯಷ್ಟು ಮಾತ್ರ.

ಗೋಧಿಯಲ್ಲಿ ಗ್ಲುಟನ್ ಒಂದೇ ಇಲ್ಲ. ಫ್ರಕ್ಟಾನ್ ಎಂಬ ಫಾಡ್‌ಮ್ಯಾಪ್ ಕೂಡ ಇದೆ. ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಅದೇ ಇರುವುದು. ಹಾಗಾದರೆ ಕಾಟ ಕೊಡುತ್ತಿರುವುದು ಯಾವುದು? 2018ರಲ್ಲಿ ಪ್ರಕಟವಾದ ನಾರ್ವೆಯ ಓಸ್ಲೋದ ಒಂದು ಪ್ರಯೋಗ ಇದನ್ನೇ ನೇರವಾಗಿ ಕೇಳಿತು. ತಾವಾಗಿಯೇ ಗ್ಲುಟನ್ ಬಿಟ್ಟಿದ್ದ, ಸೀಲಿಯಾಕ್ ಇಲ್ಲದ 59 ಜನ. ನೋಡಲು, ತಿನ್ನಲು ಒಂದೇ ಥರ ಇರುವ ಮೂರು ಬಗೆಯ ಮ್ಯೂಸ್ಲಿ ಬಾರ್. ಒಂದರಲ್ಲಿ ಗ್ಲುಟನ್, ಒಂದರಲ್ಲಿ ಫ್ರಕ್ಟಾನ್, ಇನ್ನೊಂದರಲ್ಲಿ ಎರಡೂ ಇಲ್ಲ. ಪ್ರತಿಯೊಬ್ಬರೂ ಮೂರನ್ನೂ ಒಂದೊಂದು ವಾರ ತಿಂದರು, ನಡುವೆ ಬಿಡುವು ಕೊಟ್ಟು. ಅತಿ ಹೆಚ್ಚು ತೊಂದರೆ ಫ್ರಕ್ಟಾನ್ ವಾರದಲ್ಲಿ ಆಯಿತು ಅಂದವರು 24 ಜನ. ಎರಡೂ ಇಲ್ಲದ ಬಾರ್ ತಿಂದ ವಾರದಲ್ಲಿ ಆಯಿತು ಅಂದವರು 22. ಗ್ಲುಟನ್ ವಾರದಲ್ಲಿ ಆಯಿತು ಅಂದವರು 13. ತಮಗೆ ಗ್ಲುಟನ್ ಆಗುವುದಿಲ್ಲ ಅಂತ ಗಟ್ಟಿಯಾಗಿ ನಂಬಿ, ಅದನ್ನು ಬಿಟ್ಟು ಬದುಕುತ್ತಿದ್ದವರು ಇವರು ಅನ್ನುವುದನ್ನು ಮರೆಯಬೇಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಆಗಿದೆ ಇಲ್ಲಿ.

ಎರಡೂ ಇಲ್ಲದ ಬಾರ್ ತಿಂದ 22 ಜನರಿಗೆ ಹೊಟ್ಟೆ ಕೆಟ್ಟಿದ್ದು ಯಾಕೆ? ಏನೋ ಆಗುತ್ತದೆ ಅನ್ನುವ ನಿರೀಕ್ಷೆಯೇ ಇಲ್ಲಿ ಕೆಲಸ ಮಾಡಿರಬಹುದು. ಇಂಗ್ಲೆಂಡಿನ ಲೀಡ್ಸ್ ಮತ್ತು ನೆದರ್‌ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ 83 ಜನರ ಮೇಲೆ ನಡೆದ ಇತ್ತೀಚಿನ ಪ್ರಯೋಗ ಇದನ್ನೇ ಪರೀಕ್ಷಿಸಿತು. ಕೆಲವರಿಗೆ ಗ್ಲುಟನ್ ಇದೆ ಅಂತ ಹೇಳಿ ಬ್ರೆಡ್ ಕೊಟ್ಟರು, ಕೆಲವರಿಗೆ ಇಲ್ಲ ಅಂತ ಹೇಳಿ ಕೊಟ್ಟರು. ಹೇಳಿದ್ದಕ್ಕೂ ಬ್ರೆಡ್‌ನಲ್ಲಿ ಇದ್ದದ್ದಕ್ಕೂ ಎಲ್ಲರ ವಿಷಯದಲ್ಲೂ ತಾಳೆ ಇರಲಿಲ್ಲ. ಇದೆ ಅಂತ ನಂಬಿ, ನಿಜವಾಗಿಯೂ ತಿಂದವರಿಗೆ ತೊಂದರೆ ಹೆಚ್ಚಾಯಿತು. ಇಲ್ಲ ಅಂತ ನಂಬಿ ಗ್ಲುಟನ್ ತಿಂದವರಿಗೆ ಅಷ್ಟು ಆಗಲಿಲ್ಲ.

ಇದನ್ನು ಓದಿ "ಎಲ್ಲ ನಿಮ್ಮ ಭ್ರಮೆ" ಅಂತ ಯಾರಿಗೂ ಹೇಳಬೇಡಿ. ಕರುಳಿಗೂ ಮೆದುಳಿಗೂ ನರಗಳ ನೇರ ಸಂಪರ್ಕ ಇದೆ. ನಿರೀಕ್ಷೆಯಿಂದ ಬಂದ ಹೊಟ್ಟೆನೋವೂ ನೋವೇ. ಗ್ಲುಟನ್‌ಗೇ ನಿಜವಾಗಿ ಪ್ರತಿಕ್ರಿಯಿಸುವ ಒಂದು ಸಣ್ಣ ಗುಂಪು ಕೂಡ ಇದೆ. ಗೋಧಿಯಲ್ಲಿರುವ ಎಟಿಐ ಎಂಬ ಬೇರೆ ಪ್ರೋಟೀನುಗಳ ಮೇಲೂ ಸಂಶೋಧನೆ ನಡೆಯುತ್ತಿದೆ. ಆದರೆ ಗೋಧಿ ತಿಂದರೆ ತೊಂದರೆ ಅನ್ನುವ ಪ್ರತಿಯೊಬ್ಬರಿಗೂ ಗ್ಲುಟನ್ನೇ ಕಾರಣ ಅನ್ನುವುದಕ್ಕೆ ಆಧಾರ ಇಲ್ಲ. ಫ್ರಕ್ಟಾನ್ ಕಾರಣವಾಗಿದ್ದರೆ ಗ್ಲುಟನ್ ಬಿಟ್ಟವರು ಈರುಳ್ಳಿ ತಿಂದು ಮತ್ತೆ ನರಳುತ್ತಾರೆ, ಯಾಕೆ ಅಂತ ತಿಳಿಯದೆ ಇನ್ನೊಂದನ್ನು ಬಿಡುತ್ತಾರೆ, ಮತ್ತೊಂದನ್ನು ಬಿಡುತ್ತಾರೆ. ಊಟದ ಪಟ್ಟಿ ಚಿಕ್ಕದಾಗುತ್ತಾ ಹೋಗುತ್ತದೆ, ತೊಂದರೆ ಹಾಗೇ ಇರುತ್ತದೆ.

ಯಾವ ತೊಂದರೆಯೂ ಇಲ್ಲದವರ ಕಥೆ ಏನು? ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 28 ಆರೋಗ್ಯವಂತರಿಗೆ ಎರಡು ವಾರ ಹೀಗೇ ಗುಟ್ಟಾಗಿ ಗ್ಲುಟನ್ ಇರುವ ಅಥವಾ ಇಲ್ಲದ ಹಿಟ್ಟು ಕೊಟ್ಟು ನೋಡಿದರು. ಹೊಟ್ಟೆಯಲ್ಲಾಗಲಿ, ಸುಸ್ತಿನಲ್ಲಾಗಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ.

ಹೃದಯ, ತೂಕ, ಆಟ, "ಈಗಿನ ಗೋಧಿ"

ಗ್ಲುಟನ್ ಬಿಟ್ಟರೆ ಹೃದಯಕ್ಕೆ ಒಳ್ಳೆಯದು ಅನ್ನುವ ಮಾತಿದೆ. ಅಮೆರಿಕದಲ್ಲಿ ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡುವ 1,10,000ಕ್ಕೂ ಹೆಚ್ಚು ಸ್ತ್ರೀ ಪುರುಷರ ಊಟವನ್ನು 26 ವರ್ಷ ಗಮನಿಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಗ್ಲುಟನ್ ಜಾಸ್ತಿ ತಿಂದವರಿಗೂ ಕಡಿಮೆ ತಿಂದವರಿಗೂ ಹೃದ್ರೋಗದಲ್ಲಿ ವ್ಯತ್ಯಾಸ ಕಾಣಲಿಲ್ಲ. ಗ್ಲುಟನ್‌ಗೆ ಹೆದರಿ ತೌಡು ತೆಗೆಯದ ಇಡೀ ಧಾನ್ಯಗಳನ್ನು ಬಿಟ್ಟರೆ ಹೃದಯಕ್ಕೆ ಸಿಗುತ್ತಿದ್ದ ಲಾಭವೇ ತಪ್ಪಬಹುದು, ಸೀಲಿಯಾಕ್ ಇಲ್ಲದವರಿಗೆ ಹಾಗೆ ಮಾಡಲು ಹೇಳಬೇಡಿ ಅಂತ ಸಂಶೋಧಕರು ಎಚ್ಚರಿಸಿದರು.

ತೂಕ ಇಳಿಯುವುದಕ್ಕೂ ಗ್ಲುಟನ್‌ಗೂ ನಂಟಿಲ್ಲ. ಕೇಕು, ಬಿಸ್ಕತ್ತು ಬಿಟ್ಟರೆ ತೂಕ ಇಳಿಯುತ್ತದೆ, ಅಷ್ಟೇ. ಅದೇ ಜಾಗಕ್ಕೆ ಗ್ಲುಟನ್ ಇಲ್ಲದ ಕೇಕು ಬಂದರೆ ಏರುತ್ತದೆ.

ಟೆನಿಸ್ ಆಟಗಾರ ನೊವಾಕ್ ಜೊಕೊವಿಚ್ 2010ರಲ್ಲಿ ಗ್ಲುಟನ್ ಬಿಟ್ಟು, 2011ರಲ್ಲಿ ಮೂರು ಗ್ರ್ಯಾಂಡ್‌ಸ್ಲಾಮ್ ಗೆದ್ದಾಗ ಕ್ರೀಡಾಲೋಕದಲ್ಲಿ ಇದೊಂದು ಅಲೆಯೇ ಎದ್ದಿತು. ಅವರಿಗೆ ಒಳ್ಳೆಯದಾಗಿರಬಹುದು. ಆದರೆ ಒಬ್ಬರ ಅನುಭವದಿಂದ ಎಲ್ಲರಿಗೂ ನಿಯಮ ಮಾಡಲು ಆಗುವುದಿಲ್ಲ. ಸೀಲಿಯಾಕ್ ಇಲ್ಲದ 13 ಸೈಕ್ಲಿಸ್ಟ್‌ಗಳ ಮೇಲೆ 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಗ್ಲುಟನ್ ಇದ್ದ ವಾರಕ್ಕೂ ಇಲ್ಲದ ವಾರಕ್ಕೂ ಅವರ ಓಟದಲ್ಲಿ ವ್ಯತ್ಯಾಸ ಬರಲಿಲ್ಲ. ತುಂಬ ಚಿಕ್ಕ ಪ್ರಯೋಗ ಇದು, ಒಪ್ಪುತ್ತೇನೆ. ಆದರೆ ಲಾಭ ಇದೆ ಅನ್ನುವವರ ಕೈಯಲ್ಲಿ ಇಷ್ಟೂ ಇಲ್ಲ.

ಆಟಿಸಂ ಇರುವ ಮಕ್ಕಳ ವಿಷಯ ಬಂದಾಗ ಮನಸ್ಸು ಭಾರವಾಗುತ್ತದೆ. ಗ್ಲುಟನ್, ಹಾಲು ಎರಡನ್ನೂ ಬಿಡಿಸಿದರೆ ಆಟಿಸಂ ಕಡಿಮೆಯಾಗುತ್ತದೆ ಅಂತ ಭರವಸೆ ಕೊಡುವವರಿದ್ದಾರೆ. ಗುಟ್ಟಾಗಿ ಅದಲುಬದಲು ಮಾಡಿ ನೋಡಿದ ಪ್ರಯೋಗಗಳಲ್ಲಿ ಅಂಥ ಲಾಭ ಸಾಬೀತಾಗಿಲ್ಲ. ಈ ಮಕ್ಕಳಲ್ಲಿ ಅನೇಕರು ಮೊದಲೇ ಕೆಲವೇ ಕೆಲವು ತಿಂಡಿಗಳನ್ನು ಒಪ್ಪಿಕೊಳ್ಳುತ್ತಾರೆ. ಆ ಕೆಲವನ್ನೂ ಕಿತ್ತುಕೊಂಡರೆ ಪೋಷಣೆ ಕೆಡುತ್ತದೆ, ಮನೆಯವರ ಒದ್ದಾಟ ಹೆಚ್ಚುತ್ತದೆ. ಮಗುವಿಗೆ ಹೊಟ್ಟೆಯ ತೊಂದರೆ ಇದ್ದರೆ ಬೇರೆ ಮಕ್ಕಳಿಗೆ ಮಾಡಿಸುವ ಹಾಗೆಯೇ ಸೀಲಿಯಾಕ್ ಪರೀಕ್ಷೆ ಮಾಡಿಸಿ.

"ಮೊದಲಿನ ಗೋಧಿ ಬೇರೆ, ಈಗಿನದರಲ್ಲಿ ಗ್ಲುಟನ್ ತುಂಬಿಸಿದ್ದಾರೆ" ಅನ್ನುವುದು ನಂಬಲು ಸುಲಭವಾದ ಮಾತು. ಜರ್ಮನಿಯ ಸಂಶೋಧಕರು 1891ರಿಂದ 2010ರವರೆಗಿನ 60 ಗೋಧಿ ತಳಿಗಳನ್ನು ಒಂದೇ ಕಡೆ ಬೆಳೆದು ಅಳೆದರು. ಹೊಸ ತಳಿಗಳಲ್ಲಿ ಒಟ್ಟು ಪ್ರೋಟೀನ್ ಸ್ವಲ್ಪ ಕಡಿಮೆಯಾಗಿತ್ತು. ಗ್ಲುಟನ್ ಹೆಚ್ಚುಕಮ್ಮಿ ಅಷ್ಟೇ ಇತ್ತು. ಸೀಲಿಯಾಕ್‌ಗೆ ಹೆಚ್ಚು ಕಾರಣವಾಗುವ ಗ್ಲಯಾಡಿನ್ ಇಳಿದಿತ್ತು. ಹಸಿರು ಕ್ರಾಂತಿಯ ಗಿಡ್ಡ ತಳಿಗಳನ್ನು ಮಾಡಿದ್ದೂ ಜೀನ್ ತಿದ್ದುಪಡಿಯಿಂದಲ್ಲ, ಮಾಮೂಲಿ ತಳಿ ಸಂಕರದಿಂದ. ಒಂದು ಬದಲಾವಣೆ ಮಾತ್ರ ನಿಜ. ಕಾರ್ಖಾನೆಯ ತಿನಿಸುಗಳಲ್ಲಿ ಗ್ಲುಟನ್ ಪುಡಿಯನ್ನು ಪ್ರತ್ಯೇಕವಾಗಿ ಸೇರಿಸುವುದು ಹೆಚ್ಚಾಗಿದೆ. ಇನ್ನು ಸ್ಪೆಲ್ಟ್, ಎಮ್ಮರ್‌ನಂಥ "ಪುರಾತನ ಗೋಧಿ" ಸುರಕ್ಷಿತ ಅಂತ ಯಾರಾದರೂ ಹೇಳಿದರೆ ಸೀಲಿಯಾಕ್ ಇರುವವರು ಖಂಡಿತ ನಂಬಬೇಡಿ. ಅವೂ ಗೋಧಿಯೇ, ಅವುಗಳಲ್ಲೂ ಗ್ಲುಟನ್ ಇದೆ.

ಪ್ಯಾಕೆಟ್ ತಿರುಗಿಸಿ ಓದಿ

"ಗ್ಲುಟನ್ ಫ್ರೀ" ಅಂತ ದೊಡ್ಡದಾಗಿ ಬರೆದ ಬಿಸ್ಕತ್ತಿನ ಪ್ಯಾಕೆಟ್ ಕೈಗೆ ಸಿಕ್ಕರೆ ಹಿಂದೆ ತಿರುಗಿಸಿ. ಸಾಮಾನ್ಯವಾಗಿ ಕಾಣುವುದು ಅಕ್ಕಿ ಹಿಟ್ಟು, ಮೆಕ್ಕೆಜೋಳದ ಪಿಷ್ಟ, ಆಲೂಗಡ್ಡೆ ಪಿಷ್ಟ, ಟ್ಯಾಪಿಯೋಕಾ, ಸಕ್ಕರೆ, ಎಣ್ಣೆ, ಹಿಡಿದು ನಿಲ್ಲಿಸಲು ಜಾಂಥನ್ ಗಮ್. ಗ್ಲುಟನ್ ಮಾಡುತ್ತಿದ್ದ ಅಂಟಿನ ಕೆಲಸವನ್ನು ಈ ಗಮ್ ಮಾಡಬೇಕು. ಮೆತ್ತಗೆ, ರುಚಿಯಾಗಿ ಬರಲು ಕೊಬ್ಬು, ಸಕ್ಕರೆ ಹೆಚ್ಚು ಬೀಳುತ್ತವೆ. ಪ್ರೋಟೀನ್, ನಾರಿನಂಶ ಮಾಮೂಲಿ ಗೋಧಿಯದಕ್ಕಿಂತ ಕಡಿಮೆ ಇರುವುದೇ ಹೆಚ್ಚು. ಹಲವು ದೇಶಗಳಲ್ಲಿ ಗೋಧಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಸಿಡ್ ಸೇರಿಸುತ್ತಾರೆ. ಗ್ಲುಟನ್ ಇಲ್ಲದ ಹಿಟ್ಟಿನಲ್ಲಿ ಎಷ್ಟೋ ಸಲ ಅದೂ ಇರುವುದಿಲ್ಲ. ಮೇಲಾಗಿ ದುಡ್ಡು ಜಾಸ್ತಿ.

ಆ ಚೀಟಿ ಆರೋಗ್ಯದ ಸರ್ಟಿಫಿಕೇಟ್ ಅಲ್ಲ. ಅದು ಹೇಳುವುದು ಒಂದೇ ಮಾತು: ಒಂದು ಕಿಲೋದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟನ್ ಇಲ್ಲ. ಅಂತರರಾಷ್ಟ್ರೀಯ ಆಹಾರ ಮಾನದಂಡ ಕೋಡೆಕ್ಸ್ 2008ರಲ್ಲಿ ಈ ಮಿತಿ ಇಟ್ಟಿತು. ಸೀಲಿಯಾಕ್ ಇರುವವರಿಗೆ ಇದು ಬಹಳ ಬೆಲೆಯುಳ್ಳ ಮಾಹಿತಿ. ನೀರಿನ ಬಾಟಲಿ ಮೇಲೆ, ಶಾಂಪೂ ಮೇಲೆ ಅದೇ ಚೀಟಿ ಕಂಡರೆ ಬರೀ ಮಾರಾಟದ ತಂತ್ರ.

ಗೋಧಿಯ ಜಾಗವನ್ನೆಲ್ಲ ಅಕ್ಕಿಯೇ ತುಂಬಿದಾಗ ಇನ್ನೊಂದು ಸಮಸ್ಯೆ ಇದೆ. ಮಣ್ಣು, ನೀರಿನಲ್ಲಿರುವ ಆರ್ಸೆನಿಕ್ ಅನ್ನು ಭತ್ತ ಬೇರೆ ಧಾನ್ಯಗಳಿಗಿಂತ ಹೆಚ್ಚಾಗಿ ಹೀರುತ್ತದೆ. ಗ್ಲುಟನ್ ಬಿಟ್ಟವರ ಮೂತ್ರದಲ್ಲಿ ಆರ್ಸೆನಿಕ್ ಸುಮಾರು ಎರಡರಷ್ಟಿತ್ತು ಅಂತ 2017ರಲ್ಲಿ ಅಮೆರಿಕದ ಒಂದು ವಿಶ್ಲೇಷಣೆ ಹೇಳಿತು. ಅದರಲ್ಲಿ ಗ್ಲುಟನ್ ಬಿಟ್ಟವರು 73 ಜನ ಮಾತ್ರ. ಹೆದರಬೇಕಾಗಿಲ್ಲ, ಆದರೆ ಒಂದೇ ಧಾನ್ಯಕ್ಕೆ ಅಂಟಿಕೊಳ್ಳದೆ ಸಿರಿಧಾನ್ಯ, ಜೋಳ, ಬೇಳೆಕಾಳು ಬೆರೆಸಿ ತಿನ್ನುವುದು ಒಳ್ಳೆಯದು. ಓಟ್ಸ್ ವಿಷಯದಲ್ಲಿ ಎಚ್ಚರ ಬೇಕು. ಹೆಚ್ಚಿನ ಸೀಲಿಯಾಕ್ ರೋಗಿಗಳಿಗೆ ಅದು ಆಗಿಬರುತ್ತದೆ, ಆದರೆ ಹೊಲದಲ್ಲೋ ಗಿರಣಿಯಲ್ಲೋ ಗೋಧಿ ಬೆರೆತಿರಬಾರದು.

ಬಿಟ್ಟ ಮೇಲೆ ಪರೀಕ್ಷೆ ಕೈಕೊಡುತ್ತದೆ

ಅಮೆರಿಕದ ಆರೋಗ್ಯ ಸಮೀಕ್ಷೆಯಲ್ಲಿ 2009ರಿಂದ 2014ರ ನಡುವೆ ಸೀಲಿಯಾಕ್ ರೋಗಿಗಳ ಪ್ರಮಾಣ ಹೆಚ್ಚುಕಮ್ಮಿ ಹಾಗೇ ಇತ್ತು. ಕಾಯಿಲೆ ಇಲ್ಲದೆಯೂ ಗ್ಲುಟನ್ ಬಿಟ್ಟವರ ಪ್ರಮಾಣ ಮೂರು ಪಟ್ಟು ಏರಿತು. ಅದರಿಂದ ನಷ್ಟ ಏನು, ಬಿಟ್ಟರೆ ಬಿಡಲಿ ಅನ್ನಿಸಬಹುದು. ನಷ್ಟ ಇದೆ. ಈ ಲೇಖನ ಬರೆಯಲು ಅದೇ ಮುಖ್ಯ ಕಾರಣ.

ಸೀಲಿಯಾಕ್ ಪತ್ತೆಯಾಗುವುದು ಆಗಲೇ ಹೇಳಿದ ಟ್ರಾನ್ಸ್‌ಗ್ಲುಟಮಿನೇಸ್ ಕಿಣ್ವದ ವಿರುದ್ಧ ದೇಹ ಮಾಡುವ ಟಿಟಿಜಿ ಐಜಿಎ ಎಂಬ ಆಂಟಿಬಾಡಿಯ ರಕ್ತಪರೀಕ್ಷೆಯಿಂದ. ಜೊತೆಗೆ ಐಜಿಎ ಬಗೆಯ ಆಂಟಿಬಾಡಿ ಒಟ್ಟು ಎಷ್ಟಿದೆ ಅಂತಲೂ ನೋಡಬೇಕು. ಕೆಲವರ ದೇಹ ಐಜಿಎಯನ್ನೇ ಮಾಡುವುದಿಲ್ಲ, ಅಂಥವರಲ್ಲಿ ಮೊದಲ ಪರೀಕ್ಷೆ ಸುಮ್ನೆ ನೆಗೆಟಿವ್ ತೋರಿಸುತ್ತದೆ. ರಕ್ತಪರೀಕ್ಷೆ ಪಾಸಿಟಿವ್ ಬಂದರೆ ದೊಡ್ಡವರಿಗೆ ಸಾಮಾನ್ಯವಾಗಿ ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ಚೂರು ತೆಗೆದು ವಿಲ್ಲೈ ನೋಡುತ್ತಾರೆ. ಇವೆಲ್ಲ ಸರಿಯಾಗಿ ಬರಬೇಕಾದರೆ ನೀವು ಗ್ಲುಟನ್ ತಿನ್ನುತ್ತಿರಬೇಕು. ಬಿಟ್ಟು ತಿಂಗಳುಗಳಾದರೆ ಆಂಟಿಬಾಡಿ ಇಳಿಯುತ್ತದೆ, ಕರುಳು ಗುಣವಾಗತೊಡಗುತ್ತದೆ, ಕಾಯಿಲೆ ಇದ್ದರೂ ವರದಿ ನೆಗೆಟಿವ್ ಬರಬಹುದು.

ಆಗ ಏನಾಗುತ್ತದೆ ನೋಡಿ. ನಿಜವಾಗಿಯೂ ಸೀಲಿಯಾಕ್ ಇರುವವರು ತಮಗೆ ಬರೀ ಸೂಕ್ಷ್ಮತೆ ಅಂದುಕೊಳ್ಳುತ್ತಾರೆ. ಹಬ್ಬಕ್ಕೆ, ಪಾರ್ಟಿಗೆ ಸ್ವಲ್ಪ ತಿಂದರೆ ಏನಾಯಿತು ಅನ್ನುತ್ತಾರೆ. ಆ ಸ್ವಲ್ಪವೇ ಅವರ ಕರುಳಿಗೆ ಸಾಕು. ಮೂಳೆಯ ಸಾಂದ್ರತೆ ನೋಡಿಸುವುದಿಲ್ಲ, ಥೈರಾಯ್ಡ್ ನೋಡಿಸುವುದಿಲ್ಲ. ಅವರ ಮಕ್ಕಳು, ಒಡಹುಟ್ಟಿದವರು ಪರೀಕ್ಷೆ ಮಾಡಿಸಿಕೊಳ್ಳುವುದಿಲ್ಲ. ಸರಿಯಾಗಿ ನೋಡಿಕೊಳ್ಳದ ಸೀಲಿಯಾಕ್ ಅಪರೂಪಕ್ಕೆ ಕರುಳಿನ ಲಿಂಫೋಮಾ ಎಂಬ ಕ್ಯಾನ್ಸರಿಗೂ ದಾರಿಯಾಗುತ್ತದೆ.

ಇನ್ನೊಂದು ನಷ್ಟ ರೋಗ ಪತ್ತೆಯಾದವರಿಗೇ ಆಗುತ್ತಿದೆ. ಹೋಟೆಲಿನಲ್ಲಿ "ನನಗೆ ಗ್ಲುಟನ್ ಆಗಲ್ಲ" ಅಂದ ಒಬ್ಬರು ಊಟವಾದ ಮೇಲೆ ಮಾಮೂಲಿ ಕೇಕು ತರಿಸಿಕೊಂಡರೆ, ಮುಂದಿನ ಸಲ ಅದೇ ಮಾತು ಹೇಳುವ ಸೀಲಿಯಾಕ್ ರೋಗಿಯನ್ನು ಅಡುಗೆಮನೆಯವರು ಗಂಭೀರವಾಗಿ ತೆಗೆದುಕೊಳ್ಳುವುದು ಕಷ್ಟ. ಈ ಅಲೆಯಿಂದ ರೋಗಿಗಳಿಗೆ ಅಂಗಡಿಯಲ್ಲಿ ಆಯ್ಕೆ ಹೆಚ್ಚಾಗಿದ್ದೂ ನಿಜ. ಆದರೆ ಅವರ ಮಾತಿನ ತೂಕ ಕಡಿಮೆಯಾಗಿದೆ.

ಬೆರಳು ಚುಚ್ಚಿ ರಕ್ತ ಕಳಿಸಿದರೆ ನೂರಾರು ಆಹಾರಗಳ "ಅಸಹಿಷ್ಣುತೆ" ಹೇಳುತ್ತೇವೆ ಅನ್ನುವ ಐಜಿಜಿ (ಇನ್ನೊಂದು ಬಗೆಯ ಆಂಟಿಬಾಡಿ) ಪರೀಕ್ಷೆಗಳಿಗೆ ದುಡ್ಡು ಹಾಕಬೇಡಿ. ಐಜಿಜಿ ಇದ್ದರೆ ಆ ಆಹಾರವನ್ನು ನೀವು ತಿಂದಿದ್ದೀರಿ ಅಂತ ಅರ್ಥ, ಆಗಿಬರುವುದಿಲ್ಲ ಅಂತ ಅಲ್ಲ. ಅಮೆರಿಕ, ಯುರೋಪ್, ಕೆನಡಾದ ಅಲರ್ಜಿ ತಜ್ಞರ ಸಂಘಗಳು ಇದನ್ನು ಬೇಡ ಅಂತ ಸ್ಪಷ್ಟವಾಗಿ ಹೇಳಿವೆ.

ಇನ್ನೂ ಗೋಧಿ ತಿನ್ನುತ್ತಿದ್ದು, ಅನುಮಾನ ಇದ್ದರೆ ಕೆಲಸ ಸುಲಭ: ತಿನ್ನುವುದನ್ನು ನಿಲ್ಲಿಸದೆ ವೈದ್ಯರ ಬಳಿ ಹೋಗಿ ಟಿಟಿಜಿ ಮಾಡಿಸಿ. ಈಗಾಗಲೇ ಬಿಟ್ಟು ಬಹಳ ದಿನ ಆಗಿದ್ದರೂ ದಾರಿ ಇದೆ. ಡಿಕ್ಯು2, ಡಿಕ್ಯು8 ಜೀನ್ ಪರೀಕ್ಷೆ ಊಟದಿಂದ ಬದಲಾಗುವುದಿಲ್ಲ. ಎರಡೂ ಇಲ್ಲ ಅಂತ ಬಂದರೆ ಸೀಲಿಯಾಕ್ ಇಲ್ಲ ಅಂತ ಹೆಚ್ಚುಕಮ್ಮಿ ಖಚಿತ. ಇದೆ ಅಂತ ಬಂದರೆ ಕಾಯಿಲೆ ಇದೆ ಅಂತಲ್ಲ. ಆಗ ವೈದ್ಯರ ನಿಗಾದಲ್ಲಿ ಕೆಲವು ವಾರ ದಿನಾ ಗ್ಲುಟನ್ ತಿಂದು ಮತ್ತೆ ಪರೀಕ್ಷೆ ಮಾಡಿಸಬೇಕಾಗುತ್ತದೆ. ಗೋಧಿ ಅಲರ್ಜಿ ಇರುವವರು ಇದನ್ನು ಮನೆಯಲ್ಲಿ ಪ್ರಯತ್ನಿಸಲೇಬಾರದು. ಸೀಲಿಯಾಕ್ ಇಲ್ಲ ಅಂತ ತಿಳಿದ ಮೇಲೂ ತೊಂದರೆ ಉಳಿದರೆ ಆಹಾರ ತಜ್ಞರ ಜೊತೆ ಫಾಡ್‌ಮ್ಯಾಪ್ ಕಡೆ ನೋಡಿ. ಎರಡರಿಂದ ಆರು ವಾರ ಅವನ್ನು ಕಡಿಮೆ ಮಾಡಿ, ಆಮೇಲೆ ಗೋಧಿ, ಈರುಳ್ಳಿ, ಬೆಳ್ಳುಳ್ಳಿ, ಹಾಲು, ಕಾಳುಗಳನ್ನು ಒಂದೊಂದಾಗಿ ವಾಪಸ್ ತರುತ್ತಾರೆ. ಯಾವುದು ಎಷ್ಟಕ್ಕೆ ಆಗಿಬರುತ್ತದೆ ಅಂತ ಆಗ ಗೊತ್ತಾಗುತ್ತದೆ. ಅನೇಕರಿಗೆ ಪೂರ್ತಿ ಬಿಡುವ ಅಗತ್ಯವೇ ಬೀಳುವುದಿಲ್ಲ, ಪ್ರಮಾಣ ಇಳಿಸಿದರೆ ಸಾಕಾಗುತ್ತದೆ.